ಎಡಗೈ ಮೌಸು

ಹರಾಜು ಮುಗಿದ ಮೇಲೆ ಬಾ ಅಂದಿದ್ದರು.
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋದಾಗ ಮೂರೂವರೆ,
ಖಾಲಿ ಜಾಲರಿಗಳನ್ನು ಒಂದರ ಮೇಲೊಂದು ಎಸೆಯುತ್ತಿದ್ದರು,
ಗಾಳಿಯ ತುಂಬ ಬಿಳಿ ನವಿರು, ನನಗೆ ಸೀನಿನ ಮೇಲೆ ಸೀನು.
ಆಟೋದಲ್ಲಿ ಐದು ಹೊಸ ಕಂಪ್ಯೂಟರು,
ಜೇಬಿನಲ್ಲಿ ಹಾರ್ಡ್ ಡಿಸ್ಕು,
ಕೈಯಲ್ಲೊಂದು ಪಟ್ಟಿ.
ಮಿಷನ್ನಿಗೆ ಇಷ್ಟೆಂದು ಕೂಲಿ, ಬಸ್ ಚಾರ್ಜು ನನ್ನದೇ.

ಫೈಲು ಸಾಗಿಸುವುದು ಏನು ಮಹಾ, ಅದನ್ನು ಕತ್ತೆಯೂ ಹೊರುತ್ತದೆ.
ಕಷ್ಟ ಇರುವುದು ಮಿಕ್ಕದ್ದರಲ್ಲಿ.
ಸೂಪರಿಂಟೆಂಡೆಂಟ್ ಮುಕ್ತಿಯಾರ್ ಸಾಹೇಬರ ಅಕ್ಷರದ ಗಾತ್ರ
ನೂರ ಎಪ್ಪತ್ತೈದು ಪರ್ಸೆಂಟು,
ಕಣ್ಣಿನ ಡಾಕ್ಟರಿಗೂ ಅವರು ಹೇಳಿರದ ಗುಟ್ಟು.
ಕ್ಯಾಷಿಯರ್ ಸುಗುಣಳ ಪರದೆಯಲ್ಲಿ
ಮೂರು ವರ್ಷದಿಂದ ಕೊಳ್ಳಲಿರುವ ನೀಲಿ ಸ್ಕೂಟಿ;
ಚಕ್ರದ ಮೇಲೆ ಒಂದೂ ಫೋಲ್ಡರು ಬೀಳದ ಹಾಗೆ
ಸುತ್ತ ಜೋಡಿಸಿದ್ದಾಳೆ, ರಂಗೋಲಿ ತುಳಿಯದೆ ನಡೆದವರಂತೆ.
ಎಲ್ಲವನ್ನೂ ಇದ್ದಲ್ಲೇ ಇಡಬೇಕು.
ಒಂದು ಬೆರಳಗಲ ಸರಿದರೆ ನಾಳೆ ಬೆಳಿಗ್ಗೆ ಫೋನು.

ಹಸಿರು ಗೆರೆ ಮೂವತ್ತನಾಲ್ಕಕ್ಕೆ ಬಂದು
ಜ್ವರಕ್ಕೆ ಕೂತ ಹುಳುವಿನ ಹಾಗೆ
ತಲೆಯೆತ್ತಿ ನಿಂತುಬಿಟ್ಟಿತು.
ಅಲುಗಾಡಿಸಬಾರದು. ಕಾಯಬೇಕು.

ಅಟೆಂಡರ್ ಬ್ಯಾಟಪ್ಪ ಟೀ ತಂದಿಟ್ಟು ಮೆಲ್ಲಗೆ ಕೇಳಿದ:
"ನಂದೂ ಒಂದೈತೆ, ಗೆಸ್ಟು ಅನ್ನೋದ್ರಾಗೆ.
ಇಸ್ಪೀಟಾಟದ ಪಾಯಿಂಟು ಬರ್ತಾವಾ?"
ಪಟ್ಟಿಯಲ್ಲಿ ಗೆಸ್ಟು ಇರಲಿಲ್ಲ.
ನೋಡೋಣ ಅಂದೆ. ಟೀ ಚೆನ್ನಾಗಿತ್ತು.

ಹಳೆಯದೊಂದರ ಮುಚ್ಚಳ ಬಿಚ್ಚಿದರೆ
ಫ್ಯಾನಿಗೆ ಎಂಟು ವರ್ಷದ ನವಿರು ಸುತ್ತಿ ಸುತ್ತಿ
ಅಂಗೈಯಗಲ ಗೂಡೇ ಕಟ್ಟಿತ್ತು.
"ನೋಡಿ ಮೇಡಂ, ಇನ್ನು ಚಿಟ್ಟೆಯಾಗಿ ಹಾರೋದೊಂದು ಬಾಕಿ"
ಅಂದೆ, ನಾನೂ ಮಾತು ಬಲ್ಲವನೆಂದು.
ಮುನಿಲಕ್ಷ್ಮಮ್ಮ ನಗಲಿಲ್ಲ.
"ಚಿಟ್ಟೆ ಹಾರಿದ್ರೆ ಗೂಡು ತೂತಪ್ಪ.
ತೂತುಗೂಡಿಗೆ ಇಲ್ಲಿ ರೇಟಿಲ್ಲ."

ಅವರು ದಿನಾ ಲಾಗಿನ್ ಆಗುತ್ತಿದ್ದ ಹೆಸರು ಕದಿರಪ್ಪ.
ಪಟ್ಟಿಯಲ್ಲಿ ಅದರೆದುರು: ಅಳಿಸುವುದು.
ಹೊಸದರಲ್ಲಿ ಅವರ ಹೆಸರನ್ನೇ ಹಾಕಿದೆ.
"ಅಷ್ಟುದ್ದ ಹಿಡಿಸ್ತದಾ?" ಎಂದು ಬಗ್ಗಿದರು,
ಒತ್ತಕ್ಷರಗಳನ್ನು ಒಂದೊಂದಾಗಿ ಪರೀಕ್ಷಿಸಿದರು.
ಮೌಸು ಹಿಡಿದರೆ ಎಡದ್ದು ಬಲ, ಬಲದ್ದು ಎಡ.
ಹಳೆಯದರಿಂದಲೇ ಬಂದ ಯಾರದೋ ಕೈತಪ್ಪು ಎಂದು
ಸರಿಮಾಡಿ ಕುರ್ಚಿ ಬಿಟ್ಟುಕೊಟ್ಟೆ.

ಅವರು ಒತ್ತಿದರು. ಬೇರೇನೋ ತೆರೆಯಿತು.
ಮತ್ತೆ ಒತ್ತಿದರು. ಮತ್ತೂ ಬೇರೆ.
ದರ್ಗಾದ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಸಿಗದವರ ಹಾಗೆ
ಬೆರಳು ಅಲ್ಲೇ ತಡಕಾಡಿ ನಿಂತಿತು.

"ಕದಿರಪ್ಪನೋರು ಎಡಚರು.
ಸೇರಿದ ವಾರ ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡು ಕಲಿಸಿದರು,
ಲಾಟ್ ನಂಬರು, ತೂಕ, ರೇಟು, ಚೀಟಿ.
ಅವರು ಯಾವ ಗುಂಡಿ ಒತ್ತಿದರೋ ನನಗೂ ಅದೇ.
ಬಲಗೈಯೋಳಾ ಅಂತ ಅವರು ಕೇಳಲಿಲ್ಲ,
ಹೌದು ಅಂತ ನಾನು ಹೇಳಲಿಲ್ಲ, ಹೊಸಬಳು ನೋಡು.
ಹೋಗಿ ಆರು ವರ್ಷ ಆಯ್ತು.
ಮಣ್ಣಿಗೂ ಹೋಗಿದ್ದೆ.
ಈ ನಡುಬೆರಳಿಗೆ ಮಾತ್ರ ಸುದ್ದಿ ಮುಟ್ಟಿಲ್ಲ."

ಇದಕ್ಕೆ ಪಟ್ಟಿಯಲ್ಲಿ ಖಾನೆಯಿಲ್ಲ.
ಸೆಟ್ಟಿಂಗಿಗೆ ಹೋಗಿ ಮತ್ತೆ ತಿರುಗಿಸಿದೆ.
ನಾಳೆಯ ಮೊದಲ ಲಾಟಿಗೆಂದು
ಒಂದು ಖಾಲಿ ಚೀಟಿ ತೆರೆದು ನೋಡಿ, ಮುಚ್ಚಿ,
ಊಟದ ಡಬ್ಬಿ ಎತ್ತಿಕೊಂಡು ಆರರ ಬಸ್ಸಿಗೆ ಹೊರಟರು.

ಕೊನೆಗೆ ಉಳಿದದ್ದು ಹಳೆಯ ಮಿಷನ್ನು, ನಾನು, ಸೀನು.
ಕದಿರಪ್ಪ. ಅಳಿಸಲೇ, ಎಂದು ಕೇಳಿತು.
ಹೌದು ಎಂಬಲ್ಲಿ ಒತ್ತಿದೆ. ಆಗಲಿಲ್ಲ.
ಮತ್ತೆ ಒತ್ತಿದೆ.
ಆಮೇಲೆ ನೆನಪಾಗಿ
ನಡುಬೆರಳು ಇಳಿಸಿದೆ.